ತಲೆಕೆಳಗಾದ ಮೊದಲ ಸಾಲು

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಕಂಡದ್ದನ್ನೇ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವುದು ನನ್ನ ಕೆಲಸ. ಅಂದು ಮಧ್ಯಾಹ್ನ ಹೊಸ ನರ್ಸಿಗೆ ಅದನ್ನು ಓದಲು ಕಲಿಸುತ್ತಿದ್ದೆ.

"ಮೊದಲು ಸಣ್ಣ ಉಬ್ಬು, ಆಮೇಲೆ ಚೂಪಾದ ಶಿಖರ, ಕೊನೆಗೆ ಅಗಲವಾದ ದಿಬ್ಬ. ಒಂದು ಎದೆಬಡಿತ ಅಂದ್ರೆ ಇಷ್ಟೇ ಕಣಮ್ಮ. ಮೊದಲ ಸಾಲಲ್ಲಿ ಇದೆಲ್ಲ ತಲೆಕೆಳಗಾಗಿದ್ರೆ ಗಾಬರಿ ಬೀಳ್ಬೇಡ, ಕೈ ಕ್ಲಿಪ್ ನೋಡು. ಬಲಗೈದನ್ನ ಎಡಗೈಗೆ ಹಾಕಿರ್ತೀವಿ."

ಖಾಲಿ ಹಾಸಿಗೆಯ ಆಚೆ ಈಚೆ ಕ್ಲಿಪ್ಪುಗಳು ಬಿದ್ದಿದ್ದವು. ಕಾಗದ ಸರಿಯಾಗಿ ಓಡುತ್ತದೋ ನೋಡೋಣವೆಂದು ಯಂತ್ರ ಚಾಲೂ ಮಾಡಿದೆ. ಉಬ್ಬು, ಶಿಖರ, ದಿಬ್ಬ ಮೂಡತೊಡಗಿದವು. ಮೊದಲ ಸಾಲಿನಲ್ಲಿ ಎಲ್ಲವೂ ತಲೆಕೆಳಗು.

"ಅಕ್ಕಾ, ಆಫ್ ಮಾಡಿ, ಹೋಗೋಣ," ಎಂದು ನರ್ಸು ಬಾಗಿಲಿಗೆ ಅಂಟಿಕೊಂಡಳು.

"ನಾನ್ಯಾಕೆ ಹೋಗ್ಲಿ? ಇದು ನನ್ನ ರೂಮು. ಮಲಗಿರೋದು ಯಾರಾದ್ರೂ ಆಗ್ಲಿ, ತಪ್ಪು ಇಸಿಜಿ ನನ್ನ ಕೈಯಿಂದ ಆಚೆ ಹೋಗಲ್ಲ."

ಕೈಗಳು ಇರಬೇಕಾದ ಜಾಗದಲ್ಲಿ ಕ್ಲಿಪ್ಪುಗಳನ್ನು ಅದಲುಬದಲು ಮಾಡಿಟ್ಟೆ. ಅಲ್ಲಿ ಬೆಡ್‌ಶೀಟು ಮಂಜಿನಷ್ಟು ತಣ್ಣಗಿತ್ತು. ಸಾಲು ನೆಟ್ಟಗಾಯಿತು, ಆದರೆ ಗರಗಸದ ಹಲ್ಲಿನಂತೆ ಅದುರುತ್ತಿತ್ತು. ಚಳಿಗೆ ನಡುಗುವವರದು ಹಾಗೆಯೇ ಬರುತ್ತದೆ. ದಿನಾ ಎಲ್ಲರಿಗೂ ಗದರುವ ಹಾಗೆ ಗದರಿದೆ:

"ಅಲ್ಲಾಡ್ಬೇಡಿ. ಸಲೀಸಾಗಿ ಉಸಿರಾಡಿ."

ಗೆರೆ ತಿಳಿಯಾಯಿತು. ಕಾಗದ ಹರಿದುಕೊಂಡು ಗಟ್ಟಿಯಾಗಿಯೇ ಹೇಳಿದೆ:

"ಆಯ್ತು, ಏಳಿ."

ಅಲ್ಲಿಯತನಕ ನನ್ನ ಗಮನಕ್ಕೇ ಬಾರದಿದ್ದ, ಹಾಸಿಗೆಯ ನಡುವಿನ ತಗ್ಗು ನಿಧಾನವಾಗಿ ಮೇಲೆದ್ದು ಸಮವಾಯಿತು.