ಸಾಸಿವೆ ಹಳದಿ ಎಂಜಿಯ ಕಾಣೆಯಾದ ತುಂಡು

ಡೋರೀನ್ ಮೆಟ್‌ಕಾಫ್ ಕಾರಿನೊಳಗೆ ಇಳಿದು ಕುಳಿತಳು. ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ಏನೋ ಗೊಣಗಿಕೊಂಡು ಸೀಟನ್ನು ಕರಕರನೆ ಮುಂದಕ್ಕೆ ಎಳೆದುಕೊಂಡಳು. ಕೀಲಿ ತಿರುಗಿಸಿದಳು.

ಎಂಜಿನ್ ಗರಗರ ಸುತ್ತಿತು. ಹೊತ್ತಿಕೊಳ್ಳಲಿಲ್ಲ.

ಮತ್ತೊಮ್ಮೆ. ಊಹುಂ.

"ನಿನ್ನೆ ಮಧ್ಯಾಹ್ನ ತೊಳೆದು, ನಾನೇ ಓಡಿಸಿ ಒಳಗೆ ನಿಲ್ಲಿಸಿದ್ದು. ಬೆಣ್ಣೆ ಹಾಗೆ ಓಡ್ತು!" ಅವಳ ಮುಖ ಸಪ್ಪಗಾಯಿತು.

ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಇಮ್ತಿಯಾಜ್ ಮುಗುಳ್ನಕ್ಕರು. ಬ್ರಾಡ್‌ಫರ್ಡ್‌ನ ಕಣ್ಣಿನ ಡಾಕ್ಟರು; ಕಾರು ಕೊಳ್ಳಲೆಂದು ಭಾನುವಾರ ಬೆಳಿಗ್ಗೆಯೇ ಡೋರೀನ್‌ಳ ಊರು ಹಾಕ್ಸ್‌ಬೆಕ್‌ಗೆ ಬಂದಿದ್ದರು. ಒಪ್ಪಿದ ಬೆಲೆ ಹನ್ನೆರಡು ಸಾವಿರ ಪೌಂಡು. ಸಾಸಿವೆ ಹೂವಿನ ಬಣ್ಣದ ಈ ಎರಡು ಸೀಟಿನ ತೆರೆದ ಎಂಜಿ ಕಾರನ್ನು ಡೋರೀನ್ ಮೂವತ್ತು ವರ್ಷದ ಹಿಂದೆ ನರ್ಸ್ ಸಂಬಳದಲ್ಲಿ ಕೊಂಡಿದ್ದಳು. ಆಗ ಕೊಟ್ಟದ್ದು ಎರಡು ಸಾವಿರ.

ಇದನ್ನು ಕೇಳಿದಾಗಿನಿಂದ ಕ್ಲೈವ್ ಥ್ಯಾಕ್ರೆಗೆ ಹೊಟ್ಟೆಯಲ್ಲಿ ಸಣ್ಣ ಉರಿ. ಅವನದು ಸದ್ದಿಲ್ಲದೆ ಓಡುವ ಹೊಸ ಬ್ಯಾಟರಿ ಕಾರು. ಮೂರು ವರ್ಷಕ್ಕೆ ಅರ್ಧ ಬೆಲೆ ಕರಗಿಹೋಗಿತ್ತು. "ನಿನ್ನದು ಕಾರಲ್ಲ ಕಣೋ, ಮಂಜುಗಡ್ಡೆ" ಎಂದು ಅಕ್ಕ ಅವ್ರಿಲ್ ಆಗಾಗ ಚುಚ್ಚುತ್ತಿದ್ದಳು. ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತಳಾದವಳು. ಗೆಳತಿಯ ಕಾರು ಕೈಬದಲಾಗುವಾಗ ಜೊತೆಗಿರಲೆಂದು ತಮ್ಮನನ್ನೂ ಎಳೆದುಕೊಂಡು ಬಂದಿದ್ದಳು.

"ಆಲ್ಬನ್, ನೋಡಪ್ಪ ಸ್ವಲ್ಪ," ಎಂದಳು ಡೋರೀನ್.

ಮೆಕ್ಯಾನಿಕ್ ಆಲ್ಬನ್ ಡೆಂಟ್ ಕುಳ್ಳ ಮನುಷ್ಯ, ಡೋರೀನ್‌ಗಿಂತಲೂ ಎರಡು ಬೆರಳು ಕಡಿಮೆ. ಆ ಕಣಿವೆಯ ಹಳೆ ಕಾರುಗಳೆಲ್ಲ ಅವನ ಕೈಯಲ್ಲೇ ಬದುಕಿದ್ದವು. ಬಾನೆಟ್ ಎತ್ತಿದ. ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಎರಡು ಕ್ಲಿಪ್ ಬಿಡಿಸಿದ. ಒಳಗೆ ಬಗ್ಗಿ ನೋಡಿದ.

"ರೋಟರ್ ಆರ್ಮ್ ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಯಾರೋ ತೆಗೆದಿದಾರೆ."

ಹೆಬ್ಬೆಟ್ಟಿನಷ್ಟು ಕಪ್ಪು ತುಂಡು. ಅದಿಲ್ಲದೆ ಕಿಡಿ ಹಾರುವುದಿಲ್ಲ, ಕಾರು ಹಂದಾಡುವುದಿಲ್ಲ. ಡೋರೀನ್ ಸರಕ್ಕನೆ ಬಗ್ಗಿ, ಪಕ್ಕದ ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ, ಒಂದು ಪೆಪ್ಪರ್‌ಮಿಂಟ್ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಿದಳು. ಖಾಲಿ.

"ಇಲ್ಲಿ ಇನ್ನೊಂದು ಇಟ್ಟಿದ್ದೆ! ಅದೂ ಹೋಗಿದೆ!"

"ಅದಕ್ಯಾಕೆ ಗಾಬರಿ? ನನ್ನ ಅಂಗಡೀಲಿ ಹತ್ತು ಇವೆ. ಹೋಗಿ ತರ್ತೀನಿ," ಎಂದ ಆಲ್ಬನ್.

"ತರದೆ ಏನು? ಬಚ್ಚಿಟ್ಟವನಿಗೆ ಹುಡುಕೋದು ಕಷ್ಟವಾ?"

ಹೀಗೆ ಹುಳಿ ಹಿಂಡಿದವನು ಕ್ರಿಸ್ಪಿನ್ ಲೋಡರ್. ಹಳೆ ಕಾರಿನ ವ್ಯಾಪಾರಿ, ಗಳದಂತೆ ಉದ್ದನೆಯ ಆಳು. ಒಂಬತ್ತು ಸಾವಿರಕ್ಕೆ ಕೇಳಿ ಇಲ್ಲವೆನಿಸಿಕೊಂಡಿದ್ದ. ಆದರೂ, ಕೊಳ್ಳಲು ಬಂದವರು ಕೊನೆ ಗಳಿಗೆಯಲ್ಲಿ ಹಿಂದೆ ಸರಿಯಬಹುದೆಂಬ ಆಸೆಯಿಂದ ಗೇಟಿನ ಹತ್ತಿರ ಕಾಫಿ ಕುಡಿಯುತ್ತ ನಿಂತಿದ್ದ.

"ಏನಂದೆ?" ಆಲ್ಬನ್‌ನ ಕಿವಿ ಕೆಂಪಾಯಿತು.

"ಗ್ಯಾರೇಜಿನ ಇನ್ನೊಂದು ಕೀಲಿ ಯಾರತ್ರ ಇದೆ? ನಿನ್ನತ್ರ. ಹೊರಗಿನವರಿಗೆ ಮಾರ್ಬೇಡಿ, ಕಂತಿನ ಮೇಲೆ ನನಗೇ ಕೊಡಿ ಅಂತ ಹೋದ ವಾರ ಕೇಳಿದ್ದು ಯಾರು? ನೀನು. ಡೋರೀನೇ ಹೇಳಿದ್ಲು."

ಎಲ್ಲರೂ ಡೋರೀನ್ ಕಡೆ ನೋಡಿದರು. ಅವಳು ಆಲ್ಬನ್ ಅಂಥವನಲ್ಲ ಎನ್ನಬೇಕಿತ್ತು. ಅನ್ನಲಿಲ್ಲ.

"ಆಲ್ಬನ್... ನೀನಾ?"

ಆಲ್ಬನ್ ಕೈ ಒರೆಸಿಕೊಂಡ. ಜೇಬಿನಿಂದ ಗ್ಯಾರೇಜಿನ ಕೀಲಿ ತೆಗೆದು ಬೆಂಚಿನ ಮೇಲಿಟ್ಟ. ಹೊರಟುಹೋದ. ಅವನ ವ್ಯಾನಿನ ಬಾಗಿಲು ಮುಚ್ಚಿಕೊಂಡ ಸದ್ದಿಗೆ ಕ್ಲೈವ್‌ಗೇ ನಾಚಿಕೆಯಾಯಿತು.

ಡೋರೀನ್‌ಳ ಗಂಡ ನೆವಿಲ್ ಇಷ್ಟೂ ಹೊತ್ತು ಗ್ಯಾರೇಜಿನ ಗೋಡೆಗೆ ಒರಗಿಕೊಂಡು ತನ್ನ ಬೂಟು ನೋಡುತ್ತಿದ್ದ. ಆರಡಿ ಮೀರಿದ ಒಣಕಲು ದೇಹ, ಮಂಡಿ ನೋವು. "ಹೋಗ್ಲಿ ಬಿಡು. ತಗಡಿನ ಡಬ್ಬಕ್ಕೆ ಇಷ್ಟು ರಾದ್ಧಾಂತ," ಎಂದ.

"ನಾನು ಊಟ ಮುಗಿಸಿ ಮೂರಕ್ಕೆ ಬರ್ತೀನಿ," ಎಂದರು ಇಮ್ತಿಯಾಜ್, ಮರ್ಯಾದೆಯಿಂದ. "ಕಾರು ಇಷ್ಟ ಆಗಿದೆ. ಆದ್ರೆ ಜಗಳ ಇರೋ ಕಾರು ಬೇಡ. ಯಾರು ಮಾಡಿದ್ದು ಅಂತ ಗೊತ್ತಾಗ್ಬೇಕು."

ಅವ್ರಿಲ್ ಆಗ ಬಾಯಿಬಿಟ್ಟಳು. "ಗೊತ್ತಾಗುತ್ತೆ. ಡೋರೀನ್, ನಿನ್ನೆ ಸಂಜೆ ನೀನೆಲ್ಲಿದ್ದೆ?"

"ಚರ್ಚಿನಲ್ಲಿ, ಹಾಡಿನ ಅಭ್ಯಾಸ. ಕಾರಿನ ಪಾಲಿಶ್ ವಾಸನೆ ಹೋಗ್ಲಿ ಅಂತ ಗ್ಯಾರೇಜ್ ತೆರೆದೇ ಇಟ್ಟಿದ್ದೆ. ವಾಪಸ್ ಬಂದ ಮೇಲೆ ಬೀಗ ಹಾಕಿದ್ದು."

"ಮನೇಲಿ?"

"ನೆವಿಲ್. ಟಿ.ವಿ. ಮುಂದೆ."

"ಕ್ರಿಕೆಟ್ ನೋಡ್ತಿದ್ದೆ," ಎಂದ ನೆವಿಲ್. "ಕ್ರಿಸ್ಪಿನ್ ಬಂದು ಕದ ತಟ್ಟಿದ. ಅವಳಿಲ್ಲ ಅಂತ ಕೂಗಿ ಹೇಳ್ದೆ. ಎದ್ದು ಹೋಗ್ಲಿಲ್ಲ."

"ಬಂದಿದ್ದು ನಿಜ," ಎಂದ ಕ್ರಿಸ್ಪಿನ್. "ಕೊನೇದಾಗಿ ಒಂದ್ಸಲ ಕೇಳೋಣ ಅಂತ. ಗ್ಯಾರೇಜಿನತ್ತ ತಲೆ ಹಾಕಿಲ್ಲ."

"ನೋಡಿದವರುಂಟಾ?"

"ಹೋಗದೆ ಇದ್ದದ್ದಕ್ಕೆ ಸಾಕ್ಷಿ ಎಲ್ಲಿಂದ ತರ್ಲಿ?"

"ನೆವಿಲ್, ನೀನು ಈ ಕಾರು ಓಡಿಸಿದ್ದುಂಟಾ?"

"ನಾನಾ? ಒಂದ್ಸಲವೂ ಇಲ್ಲ. ಅವಳು ಓಡಿಸ್ತಾಳೆ, ನಾನು ಪಕ್ಕದಲ್ಲಿ ಕೂತು ನಕ್ಷೆ ಹಿಡೀತೀನಿ, ಬೈತೀನಿ."

"ರೋಟರ್ ಆರ್ಮ್ ತೆಗೆಯೋದು ಯಾರ್ಯಾರಿಗೆ ಗೊತ್ತು?"

ಡೋರೀನ್ ಮೂಗೊರೆಸಿಕೊಂಡಳು. "ಹಳೆ ಕಾರಿನವರಿಗೆಲ್ಲ ಗೊತ್ತು ಅವ್ರಿಲ್. ವಿಟ್ಬಿ ಬೀಚಿಗೆ ಹೋದಾಗೆಲ್ಲ ಅದನ್ನ ಬಿಚ್ಚಿ ಜೇಬಿಗೆ ಹಾಕ್ಕೊಂಡೇ ಮೀನು ತಿನ್ನೋಕೆ ಹೋಗೋದು. ಕಳ್ಳ ಬಂದ್ರೂ ಕಾರು ಹೊರಡಬಾರದಲ್ಲ."

"ಡಬ್ಬಿಯ ವಿಷಯ?"

"ನನಗೆ, ನೆವಿಲ್‌ಗೆ. ಅಲ್ಲಿಡು ಅಂತ ಹೇಳಿಕೊಟ್ಟಿದ್ದೇ ಆಲ್ಬನ್."

ಕ್ಲೈವ್ ಮನಸ್ಸಿನಲ್ಲೇ ಲೆಕ್ಕ ಮುಗಿಸಿಬಿಟ್ಟ. ಕೀಲಿ ಇದ್ದವನು, ಡಬ್ಬಿ ಗೊತ್ತಿದ್ದವನು, ಕಾರಿನ ಮೇಲೆ ಆಸೆ ಇಟ್ಟವನು—ಆಲ್ಬನ್ ಅಲ್ಲದೆ ಇನ್ಯಾರು?

"ಬಾರೋ," ಎಂದಳು ಅಕ್ಕ. "ಆಲ್ಬನ್ ಅಂಗಡಿಗೆ ಹೋಗೋಣ."

"ನನ್ನ ಕಾರಲ್ಲಿ?"

"ನಿನ್ನ ಫ್ರಿಜ್ಜಿನಲ್ಲಿ ಯಾರು ಕೂರ್ತಾರೆ? ನಡಿ."

ಅವ್ರಿಲ್‌ಳದ್ದೂ ಅಂಥದ್ದೇ ಒಂದು ಹಳೆ ಎರಡು ಸೀಟಿನದು, ನೀಲಿ. ಕ್ಲೈವ್ ಅದರಲ್ಲಿ ಎಂದೂ ಕುಳಿತವನಲ್ಲ. ಮಂಡಿ ಗದ್ದಕ್ಕೆ ಬಂತು, ಕುಂಡೆ ರಸ್ತೆಗೇ ತಾಗುತ್ತದೇನೋ ಎನಿಸಿತು. ಕಣಿವೆ ದಾಟಿ ಕಾರು ಗುಡ್ಡದ ಬಯಲಿಗೆ ಏರಿತು. ಕಲ್ಲುಗೋಡೆಗಳು ಕಿವಿಯ ಪಕ್ಕದಲ್ಲೇ ಓಡಿದವು. ಕುರಿಗಳು ಮುಖ ಎತ್ತಿ ನೋಡಿದವು. ಕೊಯ್ದ ಹುಲ್ಲಿನ ಘಮ, ಬಿಸಿ ಎಣ್ಣೆಯ ಘಮ, ತಿರುವಿನಲ್ಲಿ ಗೇರು ಬಿದ್ದಾಗ ಬೆನ್ನಿಗೆ ತಾಗುವ ಸಣ್ಣ ಅದುರು—ಎಲ್ಲವೂ ಒಟ್ಟಿಗೆ ಮೈಮೇಲೆ ಬಂದವು.

"ಎಷ್ಟು ಸ್ಪೀಡಿದೆ ಅಕ್ಕಾ? ನೂರಾ?"

"ನಲವತ್ತೂ ಇಲ್ಲ."

ಕ್ಲೈವ್ ನಕ್ಕ. ಎಷ್ಟೋ ದಿನದ ಮೇಲೆ, ಕಾರಣವಿಲ್ಲದೆ. ತನ್ನ ಕಾರು ಇದರ ಮೂರರಷ್ಟು ವೇಗ ಹೋಗುತ್ತದೆ, ಆದರೆ ಎಲ್ಲಿಗೆ ಹೋದರೂ ಹೋದಂತೆ ಅನಿಸುವುದಿಲ್ಲವೆಂದು ಅವನಿಗೆ ಆಗ ಹೊಳೆಯಿತು. ಆದರೂ ಅಕ್ಕನ ಮುಂದೆ ಒಪ್ಪಿಕೊಳ್ಳಲಿಲ್ಲ.

ಆಲ್ಬನ್ ತನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಮಾಂಸದ ಕಡುಬು ಕಚ್ಚದೆಯೇ ಇತ್ತು.

"ನೀನು ತೆಗೆದ್ಯಾ ಆಲ್ಬನ್?" ಅವ್ರಿಲ್ ನೇರ ಕೇಳಿದಳು.

"ಇಲ್ಲ."

"ಕಾರು ಬೇಕಿತ್ತಾ?"

"ಬೇಕಿತ್ತು. ಮೂವತ್ತು ವರ್ಷ ಸಾಕಿದೀನಿ, ಬೇಡ ಅನ್ನೋಕಾಗುತ್ತಾ? ಡೋರೀನ್ ಆಗಲ್ಲ ಅಂದ್ಲು. ಸರಿ ಅಂದೆ. ಮುಗೀತು." ತಲೆ ಎತ್ತಿ ನೋಡಿದ. "ಈ ಊರಲ್ಲಿ ಎಷ್ಟು ಮನೆ ಗ್ಯಾರೇಜಿನ ಕೀಲಿ ನನ್ನ ಗೋಡೆ ಮೇಲಿವೆ ನೋಡು. ರಜಕ್ಕೆ ಹೋಗುವಾಗ ಕೊಟ್ಟು ಹೋಗ್ತಾರೆ. ನಾಳೆಯಿಂದ ಒಬ್ಬೊಬ್ರೇ ಬಂದು ವಾಪಸ್ ಕೇಳ್ತಾರೆ. ಮುಖ ನೋಡಲ್ಲ, ಏನೋ ನೆಪ ಹೇಳ್ತಾರೆ. ನನಗೆ ಇರೋದು ಇದೊಂದೇ ಹೆಸರು."

ಕ್ಲೈವ್‌ಗೆ ತನ್ನ ಲೆಕ್ಕದ ಮೇಲಿನ ನಂಬಿಕೆ ಅಲುಗಾಡಿತು.

"ಕಾರು ಹೊರಡದ ಹಾಗೆ ಮಾಡ್ಬೇಕು ಅಂದ್ರೆ ನೀನೇನು ಮಾಡ್ತಿದ್ದೆ?"

"ನಾನಾ? ಒಂದು ವೈರು ಕೂದಲೆಳೆ ಸಡಿಲ ಮಾಡ್ತಿದ್ದೆ. ನನ್ನ ಬಿಟ್ರೆ ಯಾರೂ ಕಂಡುಹಿಡೀತಿರ್ಲಿಲ್ಲ."

ಅವ್ರಿಲ್ ಅವನಿಂದ ಒಂದು ರೋಟರ್ ಆರ್ಮ್ ಸಹ ಕೇಳದೆ ಹೊರಟಳು. ಕ್ಲೈವ್‌ಗೆ ಅದು ವಿಚಿತ್ರವೆನಿಸಿತು.

"ಬೇಕಾಗಲ್ಲ," ಎಂದಳಷ್ಟೆ.

ಮೂರು ಗಂಟೆಗೆ ಎಲ್ಲರೂ ಮತ್ತೆ ಗ್ಯಾರೇಜಿನಲ್ಲಿ ಸೇರಿದರು. ಆಲ್ಬನ್ ಒಬ್ಬನಿಲ್ಲ.

"ಡೋರೀನ್," ಎಂದಳು ಅವ್ರಿಲ್, "ಬೆಳಿಗ್ಗೆ ಕಾರಲ್ಲಿ ಕೂತ ತಕ್ಷಣ ಏನು ಮಾಡ್ದೆ?"

"ಕೀಲಿ ತಿರುಗಿಸ್ದೆ."

"ಅದಕ್ಕೂ ಮುಂಚೆ?"

"ಮುಂಚೆ... ಕಾಲು ಎಟುಕ್ಲಿಲ್ಲ. ಸೀಟು ಎಳ್ಕೊಂಡೆ."

"ನಿನ್ನೆ ಮಧ್ಯಾಹ್ನ ಒಳಗೆ ನಿಲ್ಲಿಸಿದ್ದು ನೀನೇ. ಆಗ ಎಟುಕಿತ್ತಾ?"

"ಎಟುಕದೆ ಹೇಗೆ ಓಡಿಸ್ಲಿ?"

ಡೋರೀನ್‌ಳ ಬಾಯಿ ಹಾಗೇ ತೆರೆದುಕೊಂಡಿತು. ಕ್ಲೈವ್ ಹಣೆ ಚಚ್ಚಿಕೊಂಡ. ಬೆಳಿಗ್ಗೆ ಅವನ ಕಣ್ಣೆದುರೇ ನಡೆದಿತ್ತು. ಓಡಿಸುವ ಮೊದಲು ಕಾರಿನೊಂದಿಗೆ ಗುದ್ದಾಡಬೇಕಲ್ಲ ಎಂದು ಒಳಗೊಳಗೇ ನಕ್ಕಿದ್ದನೇ ಹೊರತು ಯೋಚಿಸಿರಲಿಲ್ಲ.

"ನಾವೆಲ್ಲ ಬಾನೆಟ್ಟಿನೊಳಗೆ ತಲೆ ತೂರಿಸಿದ್ವಿ," ಎಂದಳು ಅವ್ರಿಲ್. "ಸೀಟು ಯಾರೂ ನೋಡ್ಲಿಲ್ಲ. ನಿನ್ನೆ ಸಂಜೆ ಇಲ್ಲಿಗೆ ಬಂದವರು ಸೀಟನ್ನ ಪೂರ್ತಿ ಹಿಂದಕ್ಕೆ ತಳ್ಳಿ ಕೂತಿದ್ರು. ಅಂದ್ರೆ ಉದ್ದ ಕಾಲಿನವರು. ಆಲ್ಬನ್‌ಗೆ ಆ ಸೀಟು ಇನ್ನೂ ಮುಂದಕ್ಕೆ ಬೇಕಾಗ್ತಿತ್ತು. ಅವನಲ್ಲ."

ಎಲ್ಲರ ಕಣ್ಣು ಕ್ರಿಸ್ಪಿನ್‌ನ ಕಾಲುಗಳ ಮೇಲೆ ಬಿತ್ತು.

"ಏಯ್! ನನ್ನ ಕಾಲು ಉದ್ದ ಇದ್ರೆ ನಾನು ಕಳ್ಳನಾ?"

"ನೀನು ಕೊಂಕು ಮಾತಾಡೋದ್ರಲ್ಲಿ ಎತ್ತಿದ ಕೈ. ಕಳ್ಳ ಅಲ್ಲ. ಡಬ್ಬಿ ಎಲ್ಲಿದೆ ಅಂತ ನಿನಗೆ ಗೊತ್ತಿರ್ಲಿಲ್ಲ. ಕಾರ್ಪೆಟ್ ಒಂದಿಷ್ಟೂ ಕೆದರದೆ ನೆಟ್ಟಗೆ ಅಲ್ಲಿಗೇ ಕೈ ಹಾಕಿದಾರೆ." ಅವ್ರಿಲ್ ಬಾನೆಟ್ ತಟ್ಟಿದಳು. "ಇನ್ನೊಂದು ಮಾತು. ರೋಟರ್ ಆರ್ಮ್ ತೆಗೆಯೋಕೆ ಬಾನೆಟ್ ಎತ್ತಿದ್ರೆ ಸಾಕು. ಸ್ಟೀರಿಂಗ್ ಮುಂದೆ ಕೂರೋ ಅಗತ್ಯವೇ ಇಲ್ಲ. ಕಾರು ಕೆಡಿಸೋಕೆ ಬಂದವನು ಕಾಲು ಚಾಚಿ ಯಾಕೆ ಕೂರ್ತಾನೆ? ಯಾರು ಕೂರ್ತಾರೆ ಹಾಗೆ?"

ಅವ್ರಿಲ್ ಸೀಟಿನ ಮೇಲೆ ಕೈಯಿಟ್ಟಳು.

"ನಾಳೆಯಿಂದ ಇದು ಇರಲ್ಲ ಅಂತ ಸಂಕಟ ಆದವನು. ಉದ್ದ ಕಾಲಿನವನು, ಡಬ್ಬಿ ಗೊತ್ತಿದ್ದವನು, ಕಾರಿನ ಬಗ್ಗೆ ಈ ಒಂದೇ ಒಂದು ವಿದ್ಯೆ ಕಲಿತವನು. ವಿಟ್ಬಿಯಲ್ಲಿ ಅದನ್ನ ಬಿಚ್ಚಿ ಜೇಬಿಗೆ ಹಾಕ್ಕೊಳ್ತಿದ್ದದ್ದು ಯಾರು ಡೋರೀನ್?"

ಡೋರೀನ್ ನಿಧಾನವಾಗಿ ಗಂಡನತ್ತ ತಿರುಗಿದಳು.

ನೆವಿಲ್ ಕೋಟಿನ ಒಳಜೇಬಿನಿಂದ ಮಡಚಿದ ಕರ್ಚೀಫು ತೆಗೆದ. ಬಿಚ್ಚಿದ. ಎರಡು ಕಪ್ಪು ತುಂಡುಗಳು.

"ನೀನಾ? ಮಾರು ಮಾರು ಅಂತ ತಲೆ ತಿಂದವನು ನೀನು! ತಗಡಿನ ಡಬ್ಬ ಅಂದವನು ನೀನು!"

"ಅಂದೆ. ಮೂವತ್ತು ವರ್ಷದಿಂದ ಅಂದೆ." ನೆವಿಲ್ ಕರ್ಚೀಫನ್ನು ಬೆಂಚಿನ ಮೇಲಿಟ್ಟ. "ನೀನು ನಿಜವಾಗ್ಲೂ ಮಾರ್ತೀಯ ಅಂತ ಗೊತ್ತಿರ್ಲಿಲ್ಲ ಕಣೇ. ನಿನ್ನೆ ಸುಮ್ನೆ ಒಂದ್ಸಲ ಕೂರೋಣ ಅಂತ ಬಂದೆ. ನೀನು ನೋಡೋ ಹಾಗೆ ರಸ್ತೆ ನೋಡೋದು ಹೇಗಿರುತ್ತೆ ಅಂತ. ಕೂತ ಮೇಲೆ ಎದ್ದು ಹೋಗೋಕೆ ಆಗ್ಲಿಲ್ಲ. ಇಷ್ಟು ವರ್ಷ ಬೈದು, ಈಗ ಬೇಡ ಮಾರ್ಬೇಡ ಅಂದ್ರೆ ನೀನು ನಗ್ತೀಯ ಅಂತ..."

"ನಿನ್ನ ಮಂಡಿಗೋಸ್ಕರ ಮಾರ್ತಿದ್ದೆ ಕಣೋ ದಡ್ಡ! ಹತ್ತೋಕೆ ಇಳಿಯೋಕೆ ನೀನು ನರಳೋದು ನೋಡೋಕಾಗದೆ! ಎತ್ತರದ ಕಾರು ತಗೊಳೋಣ ಅಂತ!"

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಕ್ರಿಸ್ಪಿನ್ ಕೂಡ ಕಾಫಿ ಕುಡಿಯುವುದನ್ನು ಮರೆತ. ಇಮ್ತಿಯಾಜ್ ಬಾನೆಟ್ ಮೇಲೆ ಮೆಲ್ಲನೆ ಕೈ ಸವರಿದರು.

"ಇದನ್ನ ನಾನು ತಗೊಂಡು ಹೋದ್ರೆ ನಮ್ಮನೇಲಿ ಖಂಡಿತ ಸ್ಟಾರ್ಟ್ ಆಗಲ್ಲ," ಎಂದರು. "ಇಲ್ಲೇ ಇರ್ಲಿ. ನನಗೆ ಇಂಥದ್ದೇ ಒಂದು ಹುಡುಕಿಕೊಡಿ, ಅಷ್ಟು ಸಾಕು."

"ಮುಂದಿನ ವರ್ಷ ಇದಕ್ಕೆ ಹದಿನಾಲ್ಕು ಸಾವಿರ ಬರುತ್ತೆ," ಎಂದು ಕ್ರಿಸ್ಪಿನ್ ಗೊಣಗಿದ. ಅವನ ಬಾಯಿಂದ ಬಂದ ಮೊದಲ ನಿಜವಾದ ಬೆಲೆ ಅದೇ ಇರಬೇಕು.

ಡೋರೀನ್ ಕಣ್ಣೊರೆಸಿಕೊಂಡಳು. ಮರುಕ್ಷಣವೇ ಅವಳ ಮುಖ ಬಿಳಿಚಿಕೊಂಡಿತು.

"ಆಲ್ಬನ್."

ನೆವಿಲ್ ತಲೆ ತಗ್ಗಿಸಿದ. "ಅವನ ಮೇಲೆ ಬರುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ. ಬಂದಾಗ ಬಾಯಿ ಬಿಡೋಕೆ ಧೈರ್ಯ ಆಗ್ಲಿಲ್ಲ."

"ಕೇಳಿದವಳು ನಾನು. ಎಲ್ಲರ ಮುಂದೆ, ನೀನಾ ಅಂತ. ಹತ್ತು, ಹೋಗೋಣ."

ತುಂಡು ತನ್ನ ಜಾಗಕ್ಕೆ ಸೇರಿತು. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಆ ತುಂಬು ಗಂಟಲಿನ ಸದ್ದಿಗೆ ಕ್ಲೈವ್‌ನ ರೋಮ ನಿಮಿರಿತು. ಸತ್ಯ ಹೇಳಬೇಕೆಂದರೆ ಅಸೂಯೆಯೂ ಆಯಿತು. ನೆವಿಲ್ ಅಯ್ಯೋ ಅಮ್ಮಾ ಎನ್ನುತ್ತ ಪಕ್ಕದ ಸೀಟಿಗೆ ಇಳಿದ. ಅಕ್ಕತಮ್ಮ ನೀಲಿ ಕಾರಿನಲ್ಲಿ ಹಿಂಬಾಲಿಸಿದರು. ಬೆಳಿಗ್ಗೆ ಇದ್ದವರೆಲ್ಲ ಇರಲೇಬೇಕೆಂದು ಅವ್ರಿಲ್ ಹಠ ಹಿಡಿದದ್ದರಿಂದ ಕ್ರಿಸ್ಪಿನ್, ಇಮ್ತಿಯಾಜ್ ಕೂಡ ಬಂದರು.

ಆಲ್ಬನ್ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಹೊರಗೆ ಬರಲಿಲ್ಲ. ನೆವಿಲ್ ಕಷ್ಟಪಟ್ಟು ಇಳಿದು, ಅವನ ಮುಂದೆ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದ.

"ತೆಗೆದದ್ದು ನಾನು. ಬೆಳಿಗ್ಗೆ ಸುಮ್ಮನಿದ್ದದ್ದೂ ನಾನೇ. ಅದು ಇನ್ನೂ ದೊಡ್ಡ ತಪ್ಪು. ಊರಲ್ಲಿ ಯಾರು ಕೇಳಿದ್ರೂ ಇದನ್ನೇ ಹೇಳ್ತೀನಿ."

"ನಾನು ನಿನ್ನ ನಂಬಬೇಕಿತ್ತು ಆಲ್ಬನ್," ಎಂದಳು ಡೋರೀನ್.

ಆಲ್ಬನ್ ಇಬ್ಬರನ್ನೂ ನೋಡಲಿಲ್ಲ. ಅವರನ್ನು ದಾಟಿಕೊಂಡು ಹೋಗಿ, ನಿಂತಲ್ಲೇ ಗುರುಗುಡುತ್ತಿದ್ದ ಹಳದಿ ಕಾರಿನ ಮುಂದೆ ಬಗ್ಗಿದ. ಕಿವಿಗೊಟ್ಟು ಕೇಳಿದ. ತುಂಬ ಹೊತ್ತು ಕೇಳಿದ.

"ಮೂರನೇ ಸಿಲಿಂಡರು ಸ್ವಲ್ಪ ಕೆಮ್ಮುತ್ತೆ," ಎಂದ ಆಲ್ಬನ್ ಕೊನೆಗೆ. "ಬುಧವಾರ ತನ್ನಿ, ನೋಡೋಣ." ಆಮೇಲೆ ನೆವಿಲ್ ಕಡೆ ತಿರುಗಿದ. "ಅವಳು ತರೋದು ಬೇಡ. ನೀನೇ ಓಡಿಸ್ಕೊಂಡು ಬಾ."