ಸದ್ದಿನ ಪಾಳಿ

ಹಿರೇಕೊಪ್ಪ ವಿಮಾನ ನಿಲ್ದಾಣದ ನಿಯಂತ್ರಣ ಕೊಠಡಿಯಲ್ಲಿ ಬೆಳಗಿನ ಎಂಟು ಗಂಟೆಗೆ ಚಹಾ ಹೀರುವ ಸದ್ದು ಮಾತ್ರ ಕೇಳುತ್ತಿತ್ತು. ಪರದೆಯ ಮೇಲೆ ಎಂಟು ವಿಮಾನಗಳು ಎರಡೆರಡು ನಿಮಿಷದ ಅಂತರದಲ್ಲಿ, ದಾರಕ್ಕೆ ಪೋಣಿಸಿದಂತೆ ಇಳಿದು ಬರುತ್ತಿದ್ದವು. ಯಾವುದಕ್ಕೂ ಯಾರೂ ಏನೂ ಹೇಳಬೇಕಾಗಿರಲಿಲ್ಲ. 2058ರ ಆ ಸೋಮವಾರ ‘ಗಾಳಿಗನ್ನಡಿ’ ಕೆಲಸ ಆರಂಭಿಸಿ ನೂರು ದಿನ ತುಂಬಿತ್ತು.

ಮೊದಲು ಹೀಗಿರಲಿಲ್ಲ. ವಿಮಾನಗಳು ಏರುವ, ಇಳಿಯುವ ನಿಗದಿತ ದಾರಿಗಳು ನಕ್ಷೆಯಲ್ಲೇನೋ ಇದ್ದವು. ಆದರೆ ಗಾಳಿ ನಕ್ಷೆ ನೋಡಿ ಬೀಸುವುದಿಲ್ಲ. ಒಂದು ವಿಮಾನ ಬೇಗ ಬರುತ್ತಿತ್ತು, ಮತ್ತೊಂದು ತಡವಾಗುತ್ತಿತ್ತು. ಅಂತರ ಕುಗ್ಗಿದೊಡನೆ ನಿಯಂತ್ರಕರು ರೇಡಿಯೊದಲ್ಲಿ ಎಡಕ್ಕೆ ಇಷ್ಟು, ಬಲಕ್ಕೆ ಇಷ್ಟು ಎಂದು ದಿಕ್ಕು ಹೇಳಿ, ವಿಮಾನವನ್ನು ದಾರಿಯಿಂದ ಹೊರಗೆ ಸುತ್ತಿಸಿ ತರುತ್ತಿದ್ದರು. ಇದಕ್ಕೆ ವೆಕ್ಟರಿಂಗ್ ಎಂದು ಹೆಸರು. ಡಾ. ಧೃತಿ ಮುದಗಲ್ ಕಂಡುಹಿಡಿದ ಗಾಳಿಗನ್ನಡಿ ಅದರ ಅಗತ್ಯವನ್ನೇ ಇಲ್ಲವಾಗಿಸಿತು. ಬಯಲಿನಲ್ಲಿ ನೆಟ್ಟ ನಲವತ್ತು ಕಂಬಗಳಿಂದ ಹೊಮ್ಮುವ ಲೇಸರ್ ಕಿರಣ ಗಾಳಿಯಲ್ಲಿ ತೇಲುವ ಧೂಳಿಗೆ ತಾಗಿ ಮರಳುತ್ತಿತ್ತು. ಯಾವ ಎತ್ತರದಲ್ಲಿ ಗಾಳಿ ಹೇಗೆ ಬೀಸುತ್ತಿದೆ ಎಂದು ಅದರಿಂದ ತಿಳಿದು, ಯಂತ್ರ ಪ್ರತಿ ವಿಮಾನಕ್ಕೂ ತಕ್ಕ ವೇಗವನ್ನು ಮೊದಲೇ ಸೂಚಿಸುತ್ತಿತ್ತು. ದಿನಕ್ಕೆ ನಾನೂರ ಹನ್ನೆರಡು ವಿಮಾನ, ಎಲ್ಲವೂ ಒಂದೇ ದಾರಿಯಲ್ಲಿ, ಹತ್ತು ಮೀಟರ್ ಅತ್ತಿತ್ತ ಆಗದಂತೆ. ಮೂವತ್ತು ವರ್ಷ ದಿಕ್ಕು ಹೇಳಿಕೊಂಡೇ ಬಂದಿದ್ದ ಹಿರಿಯ ನಿಯಂತ್ರಕ ರೋಶನ್ ಲೋಬೊ ಈಗ ಬಾಯಿಗೆ ಕೆಲಸ ಬೇಕೆಂದು ಪೇಡೆ ತಿನ್ನುತ್ತಿದ್ದರು.

ಆ ದಿನದ ಟಪಾಲಿನಲ್ಲಿ ಒಂದು ದೂರು ಬಂದಿತ್ತು. ಬರೆದವಳು ಇಪ್ಪತ್ತನಾಲ್ಕು ಕಿಲೋಮೀಟರ್ ದೂರದ ಕಡ್ಲಿಹಾಳದ ರೇಷ್ಮಾ ಪಿಂಜಾರ, ಹಾರ್ಮೋನಿಯಂ ಶ್ರುತಿ ಮಾಡುವವಳು. ತನ್ನ ಸೂರಿನ ಮೇಲೆ ಹಾದ ವಿಮಾನಗಳ ಹೊತ್ತನ್ನು ಮೂರು ದಿನ ಸೆಕೆಂಡು ಸಹಿತ ಗುರುತು ಹಾಕಿ ಕಳಿಸಿದ್ದಳು. ಧೃತಿ ಅದನ್ನು ತನ್ನ ದಾಖಲೆಯೊಂದಿಗೆ ಹೋಲಿಸಿದಳು. ಎಲ್ಲೂ ಒಂದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿರಲಿಲ್ಲ. ಹೊರಗಿನವರಿಂದ ಇಷ್ಟು ಒಳ್ಳೆಯ ಸಾಕ್ಷ್ಯ ಸಿಕ್ಕಿತೆಂದು ಹಿಗ್ಗಿ ಲೋಬೊ ಅವರಿಗೆ ತೋರಿಸಿದಳು.

“ಅದು ಸರ್ಟಿಫಿಕೇಟ್ ಅಲ್ಲ ಮಾರಾಯ್ರೆ, ಬೈಗುಳ,” ಎಂದರು ಲೋಬೊ. “ಕೊನೆಯ ಸಾಲು ಓದಿ.”

ಬರುವ ಭಾನುವಾರ ಅಂಗಡಿ ಮುಚ್ಚಿ ಊರು ಬಿಡುತ್ತಿದ್ದೇನೆ ಎಂದಿತ್ತು ಕೊನೆಯ ಸಾಲು.

ಗುರುವಾರ ಇಬ್ಬರೂ ಕಡ್ಲಿಹಾಳಕ್ಕೆ ಹೋದರು. ಓಣಿಯಲ್ಲಿ ಇಬ್ಬರು ಹೆಂಗಸರು ನೀರಿನ ಪೈಪಿನ ವಿಷಯಕ್ಕೆ ಜಗಳಕ್ಕಿಳಿದಿದ್ದರು. ಮೇಲೆ ವಿಮಾನ ಬಂತು. ಇಬ್ಬರೂ ಬಾಯಿ ಮುಚ್ಚಿ, ಸೊಂಟದ ಮೇಲೆ ಕೈಯಿಟ್ಟು ಕಾದರು. ಸದ್ದು ಅಡಗಿದ ಮೇಲೆ ಒಬ್ಬಳು, “ಎಲ್ಲಿತನ ಬಂದಿದ್ವಿ?” ಎಂದಳು. ಮತ್ತೊಬ್ಬಳು ನೆನಪಿಸಿದಳು. ಜಗಳ ಮುಂದುವರಿಯಿತು.

ರೇಷ್ಮಾಳ ಅಂಗಡಿಯಲ್ಲಿ ಅರ್ಧ ಸಾಮಾನು ಆಗಲೇ ಪೆಟ್ಟಿಗೆ ಸೇರಿತ್ತು. ಹಾರ್ಮೋನಿಯಮ್ಮಿನ ಒಳಗೆ ಗಾಳಿಗೆ ಮಿಡಿಯುವ ಹಿತ್ತಾಳೆಯ ಸಣ್ಣ ನಾಲಿಗೆಗಳಿರುತ್ತವೆ, ಅವೇ ರೀಡ್‌ಗಳು. ಒಂದೇ ಸ್ವರದ ಎರಡು ರೀಡ್‌ಗಳಲ್ಲಿ ಎಳೆಯಷ್ಟು ವ್ಯತ್ಯಾಸವಿದ್ದರೂ ಸದ್ದು ಅಲೆಅಲೆಯಾಗಿ ಏರಿಳಿಯುತ್ತದೆ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಅಲೆ ನಿಂತಿತೆಂದರೆ ಶ್ರುತಿ ಕೂಡಿತು. ಇದನ್ನು ಯಂತ್ರದಲ್ಲಿ ನೋಡಬಹುದಲ್ಲ ಎಂದು ಧೃತಿ ಕೇಳಿದಳು.

“ಯಂತ್ರ ಒಂದೊಂದು ರೀಡ್ ಸರಿ ಐತಿ ಅಂತೈತ್ರಿ ಅಕ್ಕಾವ್ರ. ಎರಡೂ ಕೂಡಿ ಬಾಳೇವು ಮಾಡ್ತಾವೋ ಇಲ್ಲೋ ಅನ್ನೂದನ್ನ ಕಿವೀನ ಹೇಳ್ಬೇಕು.”

ಕೊನೆಯ ಅಲೆ ನಿಲ್ಲುವುದನ್ನು ಕೇಳಲು ಅವಳಿಗೆ ಮೂರು ನಿಮಿಷದ ನಿಶ್ಶಬ್ದ ಬೇಕಿತ್ತು. ನೂರು ದಿನದಿಂದ ಹಗಲಿನಲ್ಲಿ ಅದು ಒಮ್ಮೆಯೂ ಸಿಕ್ಕಿರಲಿಲ್ಲ. ಮೊದಲು ದಿನಕ್ಕೆ ಇಪ್ಪತ್ತು ವಿಮಾನ ಬರುತ್ತಿದ್ದವು. ಈಗ ಎಲ್ಲವೂ ತನ್ನ ನೆತ್ತಿಯ ಮೇಲೇ ಏಕೆ ಎಂದು ಕೇಳಿದಳು.

ಉತ್ತರ ಕೊಟ್ಟವರು ಲೋಬೊ. ನಿಲ್ದಾಣಕ್ಕೆ ಹತ್ತಿರದ ಹದಿನೈದು ಕಿಲೋಮೀಟರ್ ಎಲ್ಲ ವಿಮಾನಗಳಿಗೂ ಒಂದೇ ನೇರ ದಾರಿ, ಅಲ್ಲಿ ಊರುಗಳಿಲ್ಲ. ಅದರಾಚೆ ಇಪ್ಪತ್ತೊಂದು ಊರುಗಳಿವೆ. ತಾವು ದಿಕ್ಕು ಹೇಳಿ ಸುತ್ತಿಸುತ್ತಿದ್ದಾಗ ಸದ್ದು ಅಷ್ಟೂ ಊರುಗಳಿಗೆ ಚದುರುತ್ತಿತ್ತು. “ಕರುಣೆಯಿಂದ ಮಾಡಿದ್ದಲ್ಲ,” ಎಂದರು. “ಗಾಳಿ ಕಾಟ ಕೊಡ್ತಿತ್ತು, ನಾವು ತಿರುಗಿಸ್ತಿದ್ದೆವು. ಹಂಚಿಕೆ ತನ್ನಿಂದ ತಾನೇ ಆಗ್ತಿತ್ತು.”

ಧೃತಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತನ್ನ ಯಂತ್ರ ತಪ್ಪು ಮಾಡಿದ್ದರೆ ಸರಿಪಡಿಸಬಹುದಿತ್ತು. ಅದು ಒಂದಿಷ್ಟೂ ತಪ್ಪದಿರುವುದೇ ಇಲ್ಲಿ ತೊಂದರೆಯಾಗಿತ್ತು. ಇಪ್ಪತ್ತೊಂದು ದಾರಿ ಎಳೆದು ವಿಮಾನಗಳನ್ನು ಹಂಚಿಬಿಟ್ಟರೆ ಮತ್ತೆ ಊರಿಗೆ ಇಪ್ಪತ್ತೇ ಆಗುತ್ತವೆ ಎಂದಳು.

ರೇಷ್ಮಾ ಬೇಡವೆಂದು ತಲೆಯಾಡಿಸಿದಳು. “ಕಾಲುವಿ ನೀರು ಎಲ್ಲಾರ ಹೊಲಕ್ಕೂ ದಿನಾ ತೊಟ್ಟ್ ತೊಟ್ಟ್ ಬಿಟ್ರ ಯಾರ ಬೆಳೀನೂ ಬರಾಂಗಿಲ್ರಿ. ಅದಕ್ಕ ಪಾಳಿ ಹಚ್ಚೂದು. ಇವತ್ತು ನಿಂದು, ನಾಳೆ ಅವಂದು. ಸದ್ದಿಗೂ ಪಾಳಿ ಹಚ್ರಿ. ನಮ್ಮ ದಿನ ನಾನೂರೂ ನಮಗ ಬರ್ಲಿ. ಉಳದ ಇಪ್ಪತ್ತ್ ದಿನ ಒಂದೂ ಬ್ಯಾಡ.”

ಲೋಬೊ ಗಟ್ಟಿಯಾಗಿ ನಕ್ಕರು. ಹಿಂದೆ ನಕ್ಷೆಯ ದಾರಿ ಬದಲಾಗುತ್ತಿದ್ದುದು ಇಪ್ಪತ್ತೆಂಟು ದಿನಕ್ಕೊಮ್ಮೆ. ದಿನಕ್ಕೊಂದು ದಾರಿ ಎಂದಿದ್ದರೆ ತಾವು ರಾಜೀನಾಮೆ ಕೊಡುತ್ತಿದ್ದೆವು ಎಂದರು. ಆದರೆ ಗಾಳಿಗನ್ನಡಿಗೆ ಅದು ಒಂದು ಬೆಳಗಿನ ಲೆಕ್ಕ. ಭಾನುವಾರದ ಟೆಂಪೊ ಬೇಡವೆಂದು ರೇಷ್ಮಾ ಫೋನು ಮಾಡಿದಳು. ಪೆಟ್ಟಿಗೆಯನ್ನು ಮಾತ್ರ ಬಿಚ್ಚಲಿಲ್ಲ.

ಎರಡು ತಿಂಗಳಲ್ಲಿ ಅನುಮತಿ ಸಿಕ್ಕಿತು. ಇಪ್ಪತ್ತೊಂದು ಊರಿನವರು ಕಾಲುವೆ ಕಚೇರಿಯಲ್ಲಿ ಸೇರಿ ಚೀಟಿ ಎತ್ತಿದರು. ಅಷ್ಟು ದಿನ ಒಬ್ಬರೇ ಹೊತ್ತಿದ್ದ ಕಡ್ಲಿಹಾಳದವರಿಗೆ ಚೀಟಿಯಿಲ್ಲದೆ ಕೊನೆಯ ಪಾಳಿ ಬಿಟ್ಟುಕೊಟ್ಟರು.

ಮೊದಲ ಮೌನದ ದಿನ ರೇಷ್ಮಾ ಪೆಟ್ಟಿಗೆ ಬಿಚ್ಚಿ ರೀಡ್ ಹಿಡಿದು ಕುಳಿತಳು. ಆಕಾಶ ಸುಮ್ಮನಿತ್ತು, ಊರು ಸುಮ್ಮನಿರಲಿಲ್ಲ. ಹಿಟ್ಟಿನ ಗಿರಣಿ, ಕಬ್ಬಿಣ ಕೊಯ್ಯುವ ಗರಗಸ, ಮದುವೆ ಬ್ಯಾಂಡಿನವರ ತಾಲೀಮು, ಎಲ್ಲವೂ ಇಷ್ಟು ದಿನ ವಿಮಾನದ ಮರೆಯಲ್ಲಿದ್ದವು. ಅವಳು ಮನೆಮನೆಗೆ ಹೋಗಿ ಹೇಳಿದಳು. ಆಶ್ಚರ್ಯವೆಂದರೆ, ಉಳಿದವರಿಗೂ ಅದೇ ಕೇಳಿಸಿತ್ತು. ಹೇಗೂ ಕಿವಿ ಕೆಡುವ ದಿನವೊಂದಿದೆ, ಗದ್ದಲದ ಕೆಲಸವೆಲ್ಲ ಅಂದೇ ಆಗಲಿ ಎಂದಾಯಿತು. ಪಾಳಿಯ ದಿನ ಗಿರಣಿ ತಿರುಗಿತು, ಬೋರ್‌ವೆಲ್ ಕೊರೆದರು, ಬ್ಯಾಂಡಿನವರು ವಿಮಾನದ ಮೇಲೆ ಪಂಥ ಕಟ್ಟಿ ಊದಿದರು, ಮಕ್ಕಳು ಮಗ್ಗಿಯನ್ನು ಕೂಗಿ ಕೂಗಿ ಒಪ್ಪಿಸಿದರು. ರೇಷ್ಮಾ ಅಂಗಡಿಗೆ ಬೀಗ ಹಾಕಿ ಹಲಗೆ ಬಾರಿಸಲು ಹೋದಳು.

ಆರು ತಿಂಗಳ ಬಳಿಕ ಧೃತಿ ಊರಿನ ಸದ್ದನ್ನು ಅಳೆದಳು. ಪಾಳಿಯಿಲ್ಲದ ದಿನಗಳಲ್ಲಿ ಅದು ನಿಲ್ದಾಣ ಕಟ್ಟುವ ಮೊದಲಿಗಿಂತಲೂ ಒಂಬತ್ತು ಡೆಸಿಬಲ್ ಕಡಿಮೆಯಿತ್ತು. ನಂಬಿಕೆ ಬಾರದೆ, 2026ರ ಮಾರ್ಚ್‌ನಲ್ಲಿ ನಿಲ್ದಾಣದ ಜಾಗದ ಸಮೀಕ್ಷೆಗೆ ಬಂದವರು ಇದೇ ಓಣಿಯಲ್ಲಿ ಮಾಡಿದ್ದ ಧ್ವನಿಮುದ್ರಣವನ್ನು ಹುಡುಕಿ ತಂದು ರೇಷ್ಮಾಳ ಅಂಗಡಿಯಲ್ಲೇ ಹಾಕಿದಳು.

ಹಾರನ್ನುಗಳು. ಹಾಡು ಹಾಕಿಕೊಂಡು ಹೋಗುವ ಟ್ರ್ಯಾಕ್ಟರು. ಮಿಕ್ಸರ್, ಎರಡು ಟಿ.ವಿ., ಯಾರದೋ ಕೈಯಲ್ಲಿ ಗಟ್ಟಿಯಾಗಿ ಓಡುತ್ತಿದ್ದ ಮೊಬೈಲ್ ವಿಡಿಯೊ. ಎಲ್ಲದರ ಅಡಿಯಲ್ಲಿ, ಒಂದೇ ಸ್ವರ ಹಿಡಿದು ನಿಂತ ಹಾರ್ಮೋನಿಯಂ.

“ನಮ್ಮಜ್ಜಾರದು,” ಎಂದು ರೇಷ್ಮಾ ಮುಂದಕ್ಕೆ ಬಾಗಿದಳು. ಅಲೆ ನಿಂತಿತೋ ಇಲ್ಲವೋ ಎಂದು ಮೂರು ಸಲ ಹಾಕಿಸಿ ಕೇಳಿದಳು. ತಿಳಿಯಲಿಲ್ಲ.

“ಇಷ್ಟ್ ಗದ್ದಲ ಅಂದ್ರ, ಆಗೂ ಪಾಳಿ ದಿನ ಇತ್ತೇನ್ರಿ?”

“ಆಗ ಪಾಳಿ ಇರಲಿಲ್ಲ. ವಿಮಾನವೂ ಇರಲಿಲ್ಲ.”

“ಹಂಗಾದ್ರ ದಿನಾ ಹಿಂಗ?” ರೇಷ್ಮಾ ನಕ್ಕು, ರೀಡ್ ಕೈಗೆತ್ತಿಕೊಂಡಳು. “ಒಬ್ರಿಗೊಬ್ರು ಒಂದ್ ಮಾತು ಹೇಳಿದ್ರ ಮುಗೀತಿತ್ತಲ್ರಿ.”