ಡಿಪ್ಲಾಯ್ ಒತ್ತುವ ಮುಂಚೆ

"ಇಂಗೆ ಕೇಳುದ್ರೆ ಯಾರ್ ಉತ್ರ ಕೊಟ್ಟಾರು ಕಣಮ್ಮಿ?" ಎಂದು ಶಶಿಕುಮಾರ ನಕ್ಕ ದಿನವೇ ನಾನು ಅವನ ಮೇಲೆ ಮುನಿಸಿಕೊಂಡಿದ್ದು. ಅವನನ್ನು ಸರಿಯಾಗಿ ನೋಡಿದ್ದೂ ಅವತ್ತೇ.

ಗುಂಡ್ಲುಪೇಟೆಯ ಚೆಂಡುಹೂ ಬೆಳೆಗಾರರ ಸಂಘದಲ್ಲಿ ನಾನು ಕಂಪ್ಯೂಟರ್‌ನವಳು, ಅವನು ಫೋನಿನವನು. ಹಂಗಳ, ಹರವೆ ಕಡೆಯ ರೈತರು ಫೋನ್ ಮಾಡಿದರೆ ಹೂವಿನ ಲಾರಿ ಯಾವಾಗ ಬರುತ್ತದೆ, ಎಲೆ ಚುಕ್ಕೆಗೆ ಏನು ಔಷಧಿ ಎಂದು ಹೇಳುವುದು ಅವನ ಕೆಲಸ. ಅದನ್ನೇ ವಾಟ್ಸಾಪ್‌ನಲ್ಲಿ ಹೇಳುವ ಚಾಟ್‌ಬಾಟ್ ಮಾಡುವುದು ನನ್ನ ಕೆಲಸ. ಮೊದಲಿನಿಂದ ಬರೆಯುವಷ್ಟು ವಿದ್ಯೆ ನನಗಿಲ್ಲ. ಇಂಟರ್‌ನೆಟ್‌ನಲ್ಲಿ ರೆಡಿ ಟೆಂಪ್ಲೇಟ್ ಸಿಕ್ಕಿತು. ಅದರಿಂದ ಹೊಸ ಪ್ರಾಜೆಕ್ಟ್ ತೆರೆದು, ಮಾದರಿ ಪ್ರಶ್ನೋತ್ತರ ಅಳಿಸಿ ನಮ್ಮದು ತುಂಬಿಸಿ, ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿ, ಕೊನೆಗೆ ಡಿಪ್ಲಾಯ್ ಬಟನ್ ಒತ್ತಿದರೆ ಊರಿಗೆಲ್ಲ ಬಾಟ್ ಶುರು.

ಮೊದಲ ಪರೀಕ್ಷೆಗೆ ಹರವೆಯ ಗುರುಮಲ್ಲಮ್ಮನವರನ್ನು ಕೂರಿಸಿದ್ದೆ. "ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?" ಎಂದಿತು ಬಾಟ್. ಓದಿ ಹೇಳಿದೆ. "ಯಾರೋ ಬ್ಯಾಂಕ್ನೋರು ಕಣವ್ವ, ನಂಗ್ಯಾಕೆ ಬುಡು" ಎಂದು ಆಕೆ ಎದ್ದೇ ಹೋದರು. ಅದಕ್ಕೇ ಶಶಿ ನಕ್ಕಿದ್ದು.

"ಮೊದ್ಲು ಉಂಡ್ರಾ ಅಂತ ಕೇಳ್ಬೇಕು. ಆಮೇಲೆ ಮಳೆ. ಆಮೇಲೆ ತಾನೆ ಹೂವು?"

"ಅಷ್ಟು ಗೊತ್ತಿದ್ರೆ ನೀನೇ ಬರ್ಕೊಡು."

ಬರೆದುಕೊಟ್ಟ. ಎರಡು ತಿಂಗಳು, ದಿನಾ ಮಧ್ಯಾಹ್ನ, ನನ್ನ ಪಕ್ಕ ಕುರ್ಚಿ ಎಳೆದುಕೊಂಡು. ಅವನು ಹೇಳುತ್ತಿದ್ದ, ನಾನು ಟೈಪ್ ಮಾಡುತ್ತಿದ್ದೆ. ಮಾತು ನಿಂತಾಗ ಇಬ್ಬರ ಕಣ್ಣೂ ಸ್ಕ್ರೀನ್ ಮೇಲೆ ಇರುತ್ತಿರಲಿಲ್ಲ. ನಾನು ತಿರುಗಿದರೆ ತಟ್ಟನೆ ಫ್ಯಾನ್ ನೋಡುತ್ತಿದ್ದ. ಕರೆಂಟ್ ಹೋದಾಗಲೂ ಫ್ಯಾನನ್ನೇ ನೋಡುತ್ತಿದ್ದ, ಪೆದ್ದ.

ಒಂದು ದಿನ ಪರೀಕ್ಷೆಯ ನೆಪದಲ್ಲಿ ನನ್ನ ಹೆಸರು ಹಾಕಿ ತಾನೇ ಟೈಪ್ ಮಾಡಿದ: "ಸ್ಪಂದನಾ ನನ್ನ ಮದ್ವೆ ಆಗ್ತಾಳಾ?"

ಟೆಂಪ್ಲೇಟಿನಲ್ಲಿ ಮೊದಲೇ ಇದ್ದ ಉತ್ತರ ಬಂತು: "ಕ್ಷಮಿಸಿ, ನನಗೆ ತಿಳಿದಿಲ್ಲ. ನಮ್ಮ ಸಿಬ್ಬಂದಿಯನ್ನು ಕೇಳಿ."

"ಸಿಬ್ಬಂದಿನ ಕೇಳ್ಬೇಕಂತೆ" ಎಂದ. ಅವನ ಕಿವಿ ಕೆಂಪಗಾಗಿತ್ತು.

"ಡಿಪ್ಲಾಯ್ ಆದ್ಮೇಲೆ ಹೇಳ್ತಾಳಂತೆ" ಎಂದೆ.

ಆಗಲೇ ಹೌದು ಅನ್ನಬಹುದಿತ್ತು. ಅಡ್ಡಗೋಡೆ ಮೇಲೆ ದೀಪ ಇಟ್ಟೆ. ಕಾರಣವಿತ್ತು. ಹಿಂದಿನ ವಾರವೇ ಕಾರ್ಯದರ್ಶಿ ಶಂಭುಲಿಂಗಪ್ಪನವರು ನನ್ನನ್ನು ಒಳಗೆ ಕರೆದಿದ್ದರು. "ಬಾಟ್ ಶುರುವಾದ್ರೆ ನಿನ್ನ ಕೆಲ್ಸ ಕಾಯಂ ಕಣಮ್ಮ. ಫೋನ್ ಟೇಬಲ್ ತೆಗೆದ್ಬುಡ್ತೀವಿ. ಆ ಹುಡುಗನಿಗೆ ಈಗ್ಲೇ ಹೇಳ್ಬೇಡ, ಉತ್ರ ಬರ್ಯೋದ್ ನಿಲ್ಲಿಸ್ಬುಟ್ಟಾನು."

ನಾನು ಹೇಳಲಿಲ್ಲ. ಅವನ ಉತ್ತರಗಳೆಲ್ಲ ಮುಗಿಯಲಿ ಎಂದು ನಾನೂ ಕಾದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಸೋಮವಾರ ಬೆಳಿಗ್ಗೆ ಡಿಪ್ಲಾಯ್ ಒತ್ತಿದೆ. ಶಶಿ ಪಕ್ಕದಲ್ಲೇ ನಿಂತು ಚಪ್ಪಾಳೆ ಹೊಡೆದ. ಹತ್ತು ಗಂಟೆಗೆ ಗುರುಮಲ್ಲಮ್ಮ ಮೊಮ್ಮಗಳ ಕೈಲಿ ಟೈಪ್ ಮಾಡಿಸಿ, ಶಶಿಯೇ ಎಂದುಕೊಂಡು ಬಾಟ್ ಜೊತೆ ಸುಖದುಃಖ ಮಾತಾಡುತ್ತಿದ್ದರು. ಹನ್ನೊಂದಕ್ಕೆ ಶಂಭುಲಿಂಗಪ್ಪನವರು ಅವನನ್ನು ಒಳಗೆ ಕರೆದರು.

ಹೊರಗೆ ಬಂದವನು ಡ್ರಾಯರ್ ಖಾಲಿ ಮಾಡಿ ಬ್ಯಾಗ್ ಹೆಗಲಿಗೇರಿಸಿದ. ನಾನು ಬಸ್ ಸ್ಟ್ಯಾಂಡ್‌ವರೆಗೂ ಹಿಂದೆಯೇ ಓಡಿದೆ.

"ಶಶಿ, ನಿಂತ್ಕೋ. ನಂಗೆ ನೀನಂದ್ರೆ ಪ್ರಾಣ. ಮದ್ವೆ ಆಗ್ತೀನಿ. ಇವತ್ತೇ ಮನೇಲಿ ಹೇಳ್ತೀನಿ."

"ನಿಂಗೆ ಮೊದ್ಲೇ ಗೊತ್ತಿತ್ತಾ?"

ತಲೆಯಾಡಿಸಿದೆ.

"ಎಷ್ಟ್ ದಿನದಿಂದ?"

"ಮೂರು ವಾರ."

ಅವನು ಬೈಯಲಿಲ್ಲ. ಬೈದಿದ್ದರೆ ನಾನೂ ಜಗಳವಾಡಿ, ಅತ್ತು, ಹೇಗೋ ಗೆಲ್ಲುತ್ತಿದ್ದೆ.

"ಮೊದ್ಲೇ ಯೋಳಿದ್ರೂ ಬರ್ಕೊಡ್ತಿದ್ದೆ ಕಣಮ್ಮಿ" ಎಂದ. "ನಿನ್ ಕೆಲ್ಸ ಕಾಯಂ ಆಯ್ತದೆ ಅಂದಿದ್ರೆ ಇನ್ನೂ ಚೆಂದಾಗಿ ಬರ್ಕೊಡ್ತಿದ್ದೆ. ಅಷ್ಟೂ ನಂಬ್ನಿಲ್ವಲ್ಲ ನೀನು ನನ್ನ."

ಚಾಮರಾಜನಗರದ ಬಸ್ ಬಂತು. ಅವನು ಹತ್ತಿ, ನಾನು ಕಾಣದ ಹಾಗೆ ಆಚೆ ಬದಿಯ ಸೀಟಿನಲ್ಲಿ ಕುಳಿತ.

ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ನನ್ನತ್ತ ನೋಡಿದ. "ಹತ್ತೀರಾ ಇಲ್ವಾ ಅಮ್ಮಾ?"

ಮಧ್ಯಾಹ್ನ ಎರಡಕ್ಕೆ ನನ್ನ ಕೆಲಸದ ಕಾಯಂ ಆದೇಶಕ್ಕೆ ಸಹಿ ಹಾಕುವುದಿತ್ತು.

"ಇಲ್ಲ" ಎಂದೆ.